ಒಬ್ಬರಿಗೆ ಸಿಕ್ಕಿಹಾಕಿಕೊಂಡ ರೆಕಾರ್ಡು, ಇನ್ನೊಬ್ಬರಿಗೆ ಮುಗಿಯದ ಶ್ರುತಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ನಾಲ್ಕು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಫಿಲಿಪ್ ಗ್ಲಾಸ್‌ನ ಒಂದು ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿ, ಹಾಕಿ. ಐದು ನಿಮಿಷ ಆಗುವಷ್ಟರಲ್ಲಿ ಒಬ್ಬರಾದರೂ ಕೇಳುತ್ತಾರೆ: "ರೆಕಾರ್ಡು ಸಿಕ್ಕಿಹಾಕಿಕೊಂಡಿದೆಯಾ?" ಸರಿ, ಅದನ್ನು ತೆಗೆದು ಎಲಿಯಟ್ ಕಾರ್ಟರ್‌ನ ಕ್ವಾರ್ಟೆಟ್ ಹಾಕಿ. ಈಗ ಪಕ್ಕದವರ ಸರದಿ: "ಇವರು ಇನ್ನೂ ಶ್ರುತಿ ಮಾಡ್ಕೊಳ್ತಿದ್ದಾರಾ, ಶುರು ಆಗಿಲ್ವಾ?" ಎರಡೂ ಹಳೇ ಜೋಕು. ತಮಾಷೆ ಏನೆಂದರೆ ಎರಡರಲ್ಲೂ ದೂರು ಒಂದೇ. ಏನೋ ಆಗಬೇಕಿತ್ತು, ಆಗಲಿಲ್ಲ. ಒಂದರಲ್ಲಿ ಬದಲಾವಣೆ ಬರಲೇ ಇಲ್ಲ, ಇನ್ನೊಂದರಲ್ಲಿ ಬಂದದ್ದು ಒಂದೂ ನಿಲ್ಲಲಿಲ್ಲ.

ನಾನು ಈ ಜಗಳದಲ್ಲಿ ಎರಡೂ ಕಡೆ ಕೂತು ಬಂದವನು. ವರ್ಷಗಟ್ಟಲೆ ಮಿನಿಮಲಿಸ್ಟರ ಕಡೆ ಇದ್ದೆ, ಅಂದರೆ ಗ್ಲಾಸ್ ಹಾಗೆ ಪುಟ್ಟ ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತಾ ಮೆಲ್ಲಗೆ ಬದಲಿಸುವವರ ಕಡೆ. ಅವರಲ್ಲಿ ಸ್ಟೀವ್ ರೈಶ್ ಅಂದರೆ ಪ್ರಾಣ. ಆಮೇಲೆ ಒಬ್ಬ ಗೆಳೆಯ ಹಠ ಹಿಡಿದು ಕೂರಿಸಿ ಎದುರು ಕಡೆಯ ಮಾಡರ್ನಿಸ್ಟರನ್ನು, ಹಳೆಯ ಸ್ವರದ ಕಟ್ಟುಗಳನ್ನು ಮುರಿದ ವೇಬರ್ನ್, ಕಾರ್ಟರ್, ಲಿಗೆಟಿ ಥರದವರನ್ನು, ಕೇಳಿಸಿದ. ಮೊದಲು ಸಿಟ್ಟು ಬಂತು, ಆಮೇಲೆ ಕುತೂಹಲ, ಕೊನೆಗೆ ಒಂದು ಅನುಮಾನ. ಮಿನಿಮಲಿಸಂ ಅಂದರೆ ಸುಲಭ, ಮಾಡರ್ನಿಸಂ ಅಂದರೆ ಕಷ್ಟ, ಒಂದು ಜನಕ್ಕೆ, ಇನ್ನೊಂದು ಪಂಡಿತರಿಗೆ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಲೆಕ್ಕವೇ ಎಲ್ಲೋ ತಪ್ಪಿದೆ ಅಂತ. ಈ ಎರಡು ಸಂಗೀತಗಳೂ ನಮ್ಮ ನೆನಪಿನ ಹತ್ತಿರ ಬೇರೆ ಬೇರೆ ಕೆಲಸ ಕೇಳುತ್ತವೆ. ಯಾರಿಗೆ ಯಾವ ಕೆಲಸ ರೂಢಿಯಾಗಿದೆಯೋ ಅವರು ಆ ಕಡೆ. ಜೊತೆಗೆ ನೀವು ಅದನ್ನು ಎಲ್ಲಿ ಕೂತು, ಯಾವುದರಲ್ಲಿ ಕೇಳಿದಿರಿ ಅನ್ನುವುದೂ ಅರ್ಧ ತೀರ್ಪನ್ನು ಬರೆದುಬಿಟ್ಟಿರುತ್ತದೆ.

ಈ ಜಗಳ ಚೇಂಬರ್ ಸಂಗೀತದಲ್ಲೇ ಜಾಸ್ತಿ ಬಿಸಿ. ಚೇಂಬರ್ ಸಂಗೀತ ಅಂದರೆ ಕೈಬೆರಳಲ್ಲಿ ಎಣಿಸುವಷ್ಟು ವಾದಕರು, ಒಂದೊಂದು ಪಾಲಿಗೆ ಒಬ್ಬೊಬ್ಬರೇ, ಸಾಮಾನ್ಯವಾಗಿ ಮುಂದೆ ನಿಂತು ಕೈಸನ್ನೆಯಲ್ಲಿ ತಂಡ ನಡೆಸುವ ಕಂಡಕ್ಟರ್ ಇಲ್ಲ. ಆರ್ಕೆಸ್ಟ್ರಾದಲ್ಲಿ ತುತ್ತೂರಿ, ನಗಾರಿ, ಎಂಬತ್ತು ಜನರ ಗದ್ದಲ ಇರುತ್ತದೆ. ಸಂಗೀತ ಅರ್ಥವಾಗದಿದ್ದರೂ ಕಿವಿಗೆ ಏನೋ ಸಿಗುತ್ತದೆ. ಎರಡು ವಯೋಲಿನ್, ಒಂದು ವಯೋಲಾ, ಒಂದು ಚೆಲ್ಲೊ ಇಟ್ಟುಕೊಂಡರೆ ಅಂಥ ಮರೆ ಇಲ್ಲ. ಬರೆದದ್ದು ಬೋರಾಗಿದ್ದರೆ ಬೋರೇ, ಸಿಕ್ಕಾಗಿದ್ದರೆ ಸಿಕ್ಕೇ.

ಮೊದಲು ಮಾಡರ್ನಿಸ್ಟರ ಕಡೆ. ಹಳೆಯ ಯುರೋಪಿಯನ್ ಸಂಗೀತದಲ್ಲಿ ಒಂದು ಸ್ವರ ಮನೆ ಇದ್ದ ಹಾಗೆ. ನಮ್ಮಲ್ಲಿ ಷಡ್ಜ ಅನ್ನುತ್ತೇವಲ್ಲ, ಸುಮಾರಾಗಿ ಆ ಥರ. ಎಲ್ಲೆಲ್ಲಿ ಸುತ್ತಾಡಿದರೂ ಕೊನೆಗೆ ಅಲ್ಲಿಗೆ ಬಂದು ನಿಲ್ಲಬೇಕು, ನಿಂತಾಗ ಕೇಳುವವನಿಗೂ ಸಮಾಧಾನ. 1908ರ ಡಿಸೆಂಬರ್ 21ರಂದು ವಿಯೆನ್ನಾದಲ್ಲಿ ಅರ್ನಾಲ್ಡ್ ಷೋನ್‌ಬರ್ಗ್‌ನ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ ಮೊದಲ ಸಲ ಕೇಳಿಸಿತು. ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಈ ಮನೆಯೇ ಮಾಯ. ನಾಲ್ಕು ತಂತಿವಾದ್ಯಗಳ ಜೊತೆ ಒಬ್ಬ ಗಾಯಕಿ ಸೇರಿಕೊಂಡು, ಬೇರೆ ಗ್ರಹದ ಗಾಳಿ ಬೀಸುತ್ತಿದೆ ಅನ್ನುವ ಅರ್ಥದ ಕವಿತೆ ಹಾಡುತ್ತಾಳೆ. ಸಭೆಯಲ್ಲಿ ನಗು, ಕೂಗಾಟ. ಅದಕ್ಕೆ ಹತ್ತು ದಿನ ಮೊದಲು, ಡಿಸೆಂಬರ್ 11ರಂದು, ನ್ಯೂಯಾರ್ಕಿನಲ್ಲಿ ಎಲಿಯಟ್ ಕಾರ್ಟರ್ ಹುಟ್ಟಿದ್ದ. ಕಾಕತಾಳೀಯವೇ ಇರಬಹುದು, ಆದರೆ ಮುಂದೆ ಈ ಜಗಳದ ಒಂದು ತುದಿಯನ್ನು ನೂರು ವರ್ಷ ಹಿಡಿದುಕೊಂಡು ನಿಂತವನು ಆತನೇ.

ಷೋನ್‌ಬರ್ಗ್ 1920ರ ದಶಕದ ಆರಂಭದಲ್ಲಿ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಹಕ್ಕು ಕೊಡುವ ಒಂದು ಪದ್ಧತಿ ಮಾಡಿದ. ಯಾವ ಸ್ವರವೂ ಯಜಮಾನನಲ್ಲ. ಅದಕ್ಕೂ ಮೊದಲೇ ಅವನ ಶಿಷ್ಯ ಆಂಟನ್ ವೇಬರ್ನ್ ಇನ್ನೂ ವಿಚಿತ್ರವಾದ ಜಾಗಕ್ಕೆ ಹೋಗಿ ನಿಂತಿದ್ದ. ಅವನ ‘ಆರು ಬ್ಯಾಗಟೆಲ್‌ಗಳು’ ಅನ್ನುವ ಕ್ವಾರ್ಟೆಟ್ ಕೃತಿ ಬರೆದದ್ದು 1911ರಿಂದ 1913ರ ಮಧ್ಯೆ. ಆರೂ ಸೇರಿ ಹೆಚ್ಚುಕಡಿಮೆ ನಾಲ್ಕು ನಿಮಿಷ. ಮೊದಲನೆಯದರಲ್ಲಿ ಇರುವುದು ಹತ್ತೇ ಬಾರ್, ನಮ್ಮ ತಾಳದ ಆವರ್ತದ ಥರದ ಅಳತೆ ಅದು. ಕೇಳಿ ನೋಡಿ: ಚೆಲ್ಲೊ ಒಂದು ಎಳೆ ಬಿಡುತ್ತದೆ, ವಯೋಲಾ ಅದನ್ನು ಪೂರ್ತಿ ಹಿಡಿಯುವ ಮೊದಲೇ ವಯೋಲಿನ್‌ನಿಂದ ಎರಡು ಸ್ವರ, ಒಬ್ಬರು ತಂತಿಯನ್ನು ಬೆರಳಲ್ಲಿ ಮೀಟುತ್ತಾರೆ, ಇನ್ನೊಬ್ಬರು ತಂತಿಗಳನ್ನು ಹೊತ್ತ ಕುದುರೆಗೆ (ಮರದ ಸೇತುವೆಗೆ) ತೀರ ಹತ್ತಿರ ಕಮಾನು ಎಳೆದು ಗಾಜು ಕೆರೆದಂಥ ಸದ್ದು ಹೊರಡಿಸುತ್ತಾರೆ, ಆಮೇಲೆ ಮೌನ. ಮುಗೀತು. ಹನ್ನೆರಡೂ ಸ್ವರ ಬಂದು ಹೋದ ಮೇಲೆ ಕೃತಿ ಮುಗಿದೇ ಹೋಯಿತು ಅಂತ ತನಗೆ ಅನ್ನಿಸುತ್ತಿತ್ತು ಎಂದು ವೇಬರ್ನ್ ಆಮೇಲೊಮ್ಮೆ ಹೇಳಿಕೊಂಡಿದ್ದಾನೆ. ಇಲ್ಲಿ ಒಂದು ಸ್ವರ ತಪ್ಪಿಸಿಕೊಂಡರೆ ಒಂದು ವಾಕ್ಯ ತಪ್ಪಿದ ಹಾಗೆ, ಒಂದು ಕೆಮ್ಮು ಕೆಮ್ಮಿದರೆ ಒಂದು ಅಧ್ಯಾಯ.

ಈಗ ಇನ್ನೊಂದು ಕಡೆ. 1967ರಲ್ಲಿ ರೈಶ್ ಬರೆದ ‘ಪಿಯಾನೊ ಫೇಸ್’ ಎರಡು ಪಿಯಾನೊಗಳಿಗೆ. ಬರೀ ಐದು ಸ್ವರಗಳನ್ನು ಹಿಂದೆಮುಂದೆ ಮಾಡಿ ಕಟ್ಟಿದ ಹನ್ನೆರಡು ಏಟುಗಳ ಒಂದು ತುಣುಕು, ಅಷ್ಟೇ. ಇಬ್ಬರೂ ಅದನ್ನೇ ಒಟ್ಟಿಗೆ ನುಡಿಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಇದ್ದ ವೇಗದಲ್ಲೇ ಇರುತ್ತಾರೆ, ಇನ್ನೊಬ್ಬರು ಕೂದಲೆಳೆಯಷ್ಟು ಬೇಗ ಹೋಗಲು ಶುರು ಮಾಡುತ್ತಾರೆ. ಮೊದಲು ಯಾರೋ ತಪ್ಪು ಮಾಡಿದಂತೆ ಕೇಳುತ್ತದೆ. ಆಮೇಲೆ ಗುಹೆಯ ಪ್ರತಿಧ್ವನಿಯಂತೆ. ಆಮೇಲೆ ಪೂರ್ತಿ ಗೊಂದಲ, ಚಿಲ್ಲರೆ ಕಾಸು ನೆಲಕ್ಕೆ ಬಿದ್ದ ಹಾಗೆ. ತಟ್ಟನೆ ಎರಡೂ ಹೊಂದಿಕೊಳ್ಳುತ್ತವೆ, ಈಗ ಒಬ್ಬರು ಸರಿಯಾಗಿ ಒಂದು ಸ್ವರ ಮುಂದೆ. ಅಲ್ಲಿ ಯಾರೂ ನುಡಿಸದ ಒಂದು ಹೊಸ ರಾಗದೆಳೆ ನಡುವಿನಿಂದ ಎದ್ದು ಬರುತ್ತದೆ! ಹೀಗೇ ಒಂದೊಂದು ಸ್ವರ ಜಾರುತ್ತಾ ಹೋಗಿ ಮತ್ತೆ ಇಬ್ಬರೂ ಒಂದೇ ಕಡೆ ಸೇರುವ ತನಕ. ಇಲ್ಲಿ ಒಂದು ನಿಮಿಷ ತಪ್ಪಿಸಿಕೊಂಡರೂ ನಷ್ಟವಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಜಾರುವ ಕ್ಷಣ ತಪ್ಪಿದರೆ ಇಡೀ ಕೃತಿಯೇ ತಪ್ಪಿತು.

ಹೀಗೆ ಪಕ್ಕಪಕ್ಕ ಇಟ್ಟರೆ ಎರಡೂ ಬದ್ಧವೈರಿಗಳ ಹಾಗೆ ಕಾಣುತ್ತವೆ. ಆದರೆ ಹುಟ್ಟಿದ ಮನೆ ಒಂದೇ. ಮಿನಿಮಲಿಸಂನ ಮೂಲ ಕೃತಿ ಅಂತ ಬಹಳ ಜನ ತೋರಿಸುವುದು ಲಾ ಮಾಂಟ್ ಯಂಗ್ 1958ರಲ್ಲಿ ಬರೆದ ‘ಟ್ರಯೊ ಫಾರ್ ಸ್ಟ್ರಿಂಗ್ಸ್’. ವಯೋಲಾ ಒಂದು ಸ್ವರ ಹಿಡಿದು ನಿಲ್ಲುತ್ತದೆ. ನಿಂತೇ ಇರುತ್ತದೆ. ಎಷ್ಟೋ ಹೊತ್ತಿನ ಮೇಲೆ ವಯೋಲಿನ್ ಸೇರುತ್ತದೆ, ಇನ್ನೆಷ್ಟೋ ಹೊತ್ತಿಗೆ ಚೆಲ್ಲೊ. ಮೂರು ಸ್ವರ ಬಂದು ಹೋಗಲು ನಿಮಿಷಗಳೇ ಬೇಕು. ಇದನ್ನು ಯಂಗ್ ಕಟ್ಟಿದ್ದು ಯಾವ ಪದ್ಧತಿಯಲ್ಲಿ ಗೊತ್ತಾ? ಷೋನ್‌ಬರ್ಗ್‌ನ ಅದೇ ಹನ್ನೆರಡು ಸ್ವರಗಳ ಪದ್ಧತಿಯಲ್ಲಿ! ವೇಬರ್ನ್ ಸ್ವರಗಳ ಸುತ್ತ ಇಟ್ಟ ಮೌನವನ್ನೂ ನಿಶ್ಚಲತೆಯನ್ನೂ ಈತ ರಬ್ಬರಿನ ಹಾಗೆ ಎಳೆದ. ಅಂದರೆ ಮಿನಿಮಲಿಸಂ ಮಾಡರ್ನಿಸಂನ ಹೊಟ್ಟೆಯಲ್ಲೇ ಹುಟ್ಟಿದ್ದು.

ಉಳಿದವರದ್ದೂ ಸುಮಾರು ಇದೇ ಕಥೆ. ರೈಶ್ ಕಲಿತದ್ದು ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ, ಇಟಲಿಯ ಮಾಡರ್ನಿಸ್ಟ್ ಲುಚಾನೊ ಬೆರಿಯೊ ಹತ್ತಿರ. ಹನ್ನೆರಡು ಸ್ವರಗಳ ಸಾಲನ್ನು ಸುಮ್ಮನೆ ಮತ್ತೆ ಮತ್ತೆ ಹೇಳಿಸುತ್ತಿದ್ದ ಈ ಹುಡುಗನನ್ನು ನೋಡಿ ಬೆರಿಯೊ, ನಿನಗೆ ಹಳೇ ಥರ ಶ್ರುತಿ ಇರುವ ಸಂಗೀತ ಬೇಕಿದ್ದರೆ ಅದನ್ನೇ ಬರಿಯಲ್ಲ ಮಾರಾಯ ಅನ್ನುವ ಅರ್ಥದ ಮಾತು ಹೇಳಿದನಂತೆ. ಗ್ಲಾಸ್ ವಿದ್ಯಾರ್ಥಿಯಾಗಿದ್ದಾಗ ಹನ್ನೆರಡು ಸ್ವರದ ಪಾಠ ಮಾಡಿ ಬಿಟ್ಟವನು. ಆಮೇಲೆ 1960ರ ದಶಕದ ಮಧ್ಯದಲ್ಲಿ ಪ್ಯಾರಿಸ್ಸಿನಲ್ಲಿ ರವಿಶಂಕರ್ ಮತ್ತು ಅಲ್ಲಾ ರಖಾ ಜೊತೆ ಒಂದು ಚಿತ್ರದ ಸಂಗೀತಕ್ಕೆ ಕೆಲಸ ಮಾಡುವಾಗ ಅವನಿಗೆ ಲಯದ ಬೇರೆ ಲೆಕ್ಕ ತಲೆಗೆ ಹತ್ತಿತು. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅಂತೂ 1960ರಲ್ಲಿ ‘ನೆಕ್ರೊಲಾಗ್’ ಬರೆದು, ಹನ್ನೆರಡು ಸ್ವರ ಬಳಸಿದ್ದಕ್ಕೆ ಸೋವಿಯತ್ ಅಧಿಕಾರಿಗಳಿಂದ ಬೈಸಿಕೊಂಡವನು. ಅವನು ವರ್ಷಗಳ ಕಾಲ ಹೆಚ್ಚುಕಡಿಮೆ ಸುಮ್ಮನಿದ್ದು, 1976ರಲ್ಲಿ ‘ಫ್ಯೂರ್ ಅಲಿನಾ’ ಅನ್ನುವ ಪುಟ್ಟ ಪಿಯಾನೊ ತುಣುಕಿನ ಜೊತೆ ಹೊರಗೆ ಬಂದ. ಎರಡೇ ಎಳೆ. ಒಂದು ಪಕ್ಕದ ಸ್ವರಗಳ ಮೇಲೆ ಮೆಲ್ಲಗೆ ನಡೆಯುತ್ತದೆ, ಇನ್ನೊಂದು ಅದರ ಜೊತೆಗೆ ಮೂರೇ ಮೂರು ಸ್ವರ ಬಾರಿಸುತ್ತದೆ, ಗಂಟೆಯ ಹಾಗೆ.

ಹಾಗಾದರೆ ಇಷ್ಟೊಂದು ದ್ವೇಷ ಎಲ್ಲಿಂದ ಬಂತು? ನನ್ನ ಪ್ರಕಾರ ಅದರಲ್ಲಿ ದೊಡ್ಡ ಪಾಲು ಸದ್ದಿಗೆ ಸಂಬಂಧಪಟ್ಟದ್ದೇ ಅಲ್ಲ, ಹಳೇ ಹೊಟ್ಟೆಕಿಚ್ಚು ಮತ್ತು ಹಳೇ ಅವಮಾನ. ಎರಡನೇ ಮಹಾಯುದ್ಧದ ಮೇಲೆ ಯುರೋಪು, ಅಮೆರಿಕದ ಸಂಗೀತ ಶಾಲೆಗಳಲ್ಲಿ ಮಾಡರ್ನಿಸ್ಟರ ಮಾತೇ ಮಾತು. ಹನ್ನೆರಡು ಸ್ವರದ ಭಾಷೆಯ ಅಗತ್ಯ ಅನುಭವಿಸದ ಸಂಗೀತಗಾರ ನಿರುಪಯೋಗಿ ಅಂತ ಫ್ರಾನ್ಸಿನ ಮಾಡರ್ನಿಸ್ಟ್ ಪಿಯೆರ್ ಬೂಲೆಜ್ 1952ರಲ್ಲಿ ಬರೆದುಬಿಟ್ಟ. 1958ರಲ್ಲಿ ಅಮೆರಿಕದ ಮಾಡರ್ನಿಸ್ಟ್ ಮಿಲ್ಟನ್ ಬ್ಯಾಬಿಟ್ ಒಂದು ಲೇಖನ ಬರೆದ. ಗಣಿತ, ಭೌತಶಾಸ್ತ್ರದಲ್ಲಿ ತಜ್ಞರು ತಜ್ಞರಿಗಾಗಿ ಬರೆಯುತ್ತಾರೆ, ಸಂಗೀತದಲ್ಲೂ ಹಾಗೆ ಇದ್ದರೇನು ತಪ್ಪು ಅಂತ ಅವನ ವಾದ. ಅವನು ಇಟ್ಟ ಶೀರ್ಷಿಕೆಯಲ್ಲಿ ಸಂಗೀತಗಾರನನ್ನು ಒಬ್ಬ ತಜ್ಞ ಅಂತ ಕರೆದಿತ್ತು, ಅಷ್ಟೇ. ಪತ್ರಿಕೆಯವರು ಅದನ್ನು ತೆಗೆದು, ನೀವು ಕೇಳಿದರೆಷ್ಟು ಬಿಟ್ಟರೆಷ್ಟು ಅನ್ನುವ ಅರ್ಥದ ಶೀರ್ಷಿಕೆ ಅಂಟಿಸಿದರು. ಲೇಖನ ಓದಿದವರು ಕಮ್ಮಿ, ಶೀರ್ಷಿಕೆ ನೆನಪಿಟ್ಟುಕೊಂಡವರು ಜಾಸ್ತಿ. ಇವತ್ತಿಗೂ ಮಾಡರ್ನಿಸ್ಟರು ಸೊಕ್ಕಿನವರು ಅನ್ನುವುದಕ್ಕೆ ಸಾಕ್ಷಿಯಾಗಿ ಅದೇ ಬರುತ್ತದೆ, ಪಾಪ.

ಮುಂದೆ 1960ರ ದಶಕದಲ್ಲಿ ಮಿನಿಮಲಿಸ್ಟರು ಶಾಲೆಯ ಹೊರಗೆ, ಚಿತ್ರಕಾರರ ಗ್ಯಾಲರಿಗಳಲ್ಲಿ, ಖಾಲಿ ಮಹಡಿಗಳಲ್ಲಿ ನುಡಿಸುತ್ತಿದ್ದರು. ಗ್ಲಾಸ್ ಹೊಟ್ಟೆಪಾಡಿಗೆ ನಲ್ಲಿ ರಿಪೇರಿ ಮಾಡಿದ, ಟ್ಯಾಕ್ಸಿ ಓಡಿಸಿದ. 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅವನ ಒಪೆರಾ ನಡೆದ ಮೇಲೂ ಟ್ಯಾಕ್ಸಿಗೆ ವಾಪಸ್ ಹೋದ. ಕಾರ್ಟರ್ ಈ ಮಿನಿಮಲಿಸ್ಟರ ಪುನರಾವರ್ತನೆಯನ್ನು ಜಾಹೀರಾತಿಗೂ ಹಿಟ್ಲರನ ಭಾಷಣಗಳಿಗೂ ಹೋಲಿಸಿದ್ದುಂಟು. ಇದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದೇ ಮಾತನ್ನು ಪದೇ ಪದೇ ಹೇಳಿದರೆ ಬುದ್ಧಿ ಮಂಕಾಗುತ್ತದೆ ಅನ್ನುವ ಅವನ ಭಯ ಸುಳ್ಳು ಅಂತ ಹೇಳಲು ನನಗೆ ಧೈರ್ಯವಿಲ್ಲ.

ಮಿನಿಮಲಿಸಂ ಸುಲಭ ಅನ್ನುವವರಿಗೆ 1973ರ ಜನವರಿಯ ಒಂದು ಸಂಜೆಯ ಕಥೆ ಹೇಳಬೇಕು. ಕಾರ್ನೆಗಿ ಹಾಲ್‌ನಲ್ಲಿ ರೈಶ್‌ನ ‘ಫೋರ್ ಆರ್ಗನ್ಸ್’. ನಾಲ್ಕು ಎಲೆಕ್ಟ್ರಿಕ್ ಆರ್ಗನ್, ಒಬ್ಬರ ಕೈಯಲ್ಲಿ ಮರಾಕಸ್ ಅನ್ನುವ ಗಿಲಕಿ. ಒಂದೇ ಒಂದು ಸ್ವರಗುಚ್ಛ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ, ಬೇರೇನೂ ಇಲ್ಲ. ಜನ ಕೂಗಿದರು, ಬೇಗ ಮುಗಿಯಲಿ ಅಂತ ಚಪ್ಪಾಳೆ ಹೊಡೆದರು. ಒಬ್ಬ ಹೆಂಗಸು ವೇದಿಕೆಯ ಹತ್ತಿರ ಬಂದು ತಲೆ ಚಚ್ಚಿಕೊಳ್ಳುತ್ತಾ, ನಿಲ್ಲಿಸಿ, ತಪ್ಪೊಪ್ಪಿಕೊಳ್ತೀನಿ ಅಂತ ಅರಚಿದಳು ಎಂದು ಅವತ್ತು ನುಡಿಸಿದವರಲ್ಲಿ ಒಬ್ಬನಾದ ಮೈಕೆಲ್ ಟಿಲ್ಸನ್ ಥಾಮಸ್ ಹೇಳುತ್ತಿದ್ದ. ಯುರೋಪಿನಲ್ಲಿ ಒಮ್ಮೆ ಗ್ಲಾಸ್ ನುಡಿಸುತ್ತಿದ್ದಾಗ ಪ್ರೇಕ್ಷಕನೊಬ್ಬ ವೇದಿಕೆ ಹತ್ತಿ ಅವನ ಕೀಬೋರ್ಡನ್ನು ಬಡಿಯಲು ಶುರು ಮಾಡಿದ. ಗ್ಲಾಸ್ ಒಂದು ಕೈಯಲ್ಲಿ ಅವನಿಗೆ ಗುದ್ದಿ, ಇನ್ನೊಂದು ಕೈಯಲ್ಲಿ ನುಡಿಸುತ್ತಲೇ ಇದ್ದನಂತೆ. ಇದನ್ನು ಹಿತವಾದ ಸಂಗೀತ ಅನ್ನೋಣವಾ? ಇನ್ನು, ಅದೇ 1973ರಲ್ಲಿ ಕಾರ್ಟರ್‌ನ ಮೂರನೇ ಕ್ವಾರ್ಟೆಟ್‌ಗೆ ಪುಲಿಟ್ಜರ್ ಬಂತು. ಕಾಲ ಉರುಳಿತು. 2009ರಲ್ಲಿ ಆ ಪ್ರಶಸ್ತಿ ರೈಶ್‌ನ ‘ಡಬಲ್ ಸೆಕ್ಸ್‌ಟೆಟ್’ ಕೃತಿಗೆ ಬಂದಾಗ ಕಾರ್ಟರ್‌ಗೆ ನೂರು ವರ್ಷ ತುಂಬಿತ್ತು, ಇನ್ನೂ ಬರೆಯುತ್ತಿದ್ದ. ಬಂಡಾಯದವರು ಅಷ್ಟರಲ್ಲಿ ಗೌರವಸ್ಥರಾಗಿದ್ದರು.

ಈಗ ಕಿವಿಯ ವಿಷಯ. ಸಂಗೀತ ಕೇಳುವಾಗ ನಾವು ಬರೀ ಕೇಳುವುದಿಲ್ಲ, ಊಹೆ ಮಾಡುತ್ತಿರುತ್ತೇವೆ. ಮುಂದೆ ಇದು ಬರುತ್ತದೆ ಅಂತ. ಊಹೆ ನಿಜವಾದರೆ ಒಂದು ಖುಷಿ, ಸ್ವಲ್ಪ ತಪ್ಪಿದರೆ ಇನ್ನೊಂದು ಖುಷಿ. ಊಹೆಗೆ ಬಂಡವಾಳ ನೆನಪು. ಅಮೆರಿಕದ ಸಂಗೀತ ಸಂಶೋಧಕಿ ಎಲಿಜಬೆತ್ ಮಾರ್ಗುಲಿಸ್ ಒಂದು ಪ್ರಯೋಗ ಮಾಡಿದರು. ಬೆರಿಯೊ ಮತ್ತು ಕಾರ್ಟರ್ ಕೃತಿಗಳ ತುಣುಕುಗಳನ್ನು ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿ, ಕೆಲವು ಭಾಗಗಳು ಎರಡು ಸಲ ಬರುವಂತೆ ಮಾಡಿದರು. ಸಂಗೀತದ ವಿಶೇಷ ತರಬೇತಿ ಇಲ್ಲದ ಕೇಳುಗರಿಗೆ ಮೂಲವನ್ನೂ ಈ ಅಂಟಿಸಿದ್ದನ್ನೂ ಕೇಳಿಸಿದರು, ಯಾವುದು ಏನು ಅಂತ ಹೇಳದೆ. ಅಂಟಿಸಿದ್ದೇ ಜಾಸ್ತಿ ಇಷ್ಟವಾಯಿತು, ಜಾಸ್ತಿ ಆಸಕ್ತಿ ಹುಟ್ಟಿಸಿತು. ಅದಕ್ಕಿಂತ ಚೋದ್ಯ ಏನೆಂದರೆ, ಅಂಟಿಸಿದ್ದನ್ನು ಮನುಷ್ಯ ಬರೆದಿರಬೇಕು, ಮೂಲವನ್ನು ಕಂಪ್ಯೂಟರ್ ಮಾಡಿರಬೇಕು ಅನ್ನುವ ಕಡೆಗೇ ಜನ ವಾಲಿದರು! ಇಪ್ಪತ್ತನೇ ಶತಮಾನದ ದೊಡ್ಡ ದೊಡ್ಡ ತಲೆಗಳ ಕೃತಿ ಕತ್ತರಿ-ಗೋಂದಿನ ಮುಂದೆ ಸೋತಿತು.

ಮಿನಿಮಲಿಸಂ ಅಭಿಮಾನಿಗಳು ಇದನ್ನು ಕೇಳಿ ಮೀಸೆ ತಿರುವಬಹುದು. ತಡೀರಿ. ಮರುಕಳಿಸಿದರೆ ಇಷ್ಟವಾಗುತ್ತದೆ ಅಂದರೆ ಮರುಕಳಿಸುವ ಸಂಗೀತ ಒಳ್ಳೆಯದು ಅಂತಲ್ಲ. ಕಾರ್ಟರ್‌ನ ಕೃತಿಯನ್ನೇ ಮತ್ತೆ ಮತ್ತೆ ಕೇಳಿದರೆ ಅದೂ ಇಷ್ಟವಾಗಬಹುದು ಅಂತಲೂ ಇದೇ ಪ್ರಯೋಗ ಸೂಚಿಸುತ್ತದಲ್ವಾ? ಒಬ್ಬ ಪುನರಾವರ್ತನೆಯನ್ನು ಕೃತಿಯ ಒಳಗೇ ಇಡುತ್ತಾನೆ, ಇನ್ನೊಬ್ಬ ಅದನ್ನು ನಿಮ್ಮ ಪಾಲಿಗೆ ಬಿಡುತ್ತಾನೆ: ನಾನು ಒಂದೇ ಸಲ ಹೇಳುತ್ತೇನೆ, ಬೇಕಿದ್ದರೆ ಮತ್ತೆ ಬಾ. ಇದು ಷೋನ್‌ಬರ್ಗ್‌ಗೆ ಚೆನ್ನಾಗಿ ಗೊತ್ತಿತ್ತು. 1918ರಲ್ಲಿ ವಿಯೆನ್ನಾದಲ್ಲಿ ಅವನು ಹೊಸ ಸಂಗೀತಕ್ಕಾಗಿಯೇ ಒಂದು ಖಾಸಗಿ ಸಂಘ ಕಟ್ಟಿದ. ಅಲ್ಲಿ ಚಪ್ಪಾಳೆ ನಿಷೇಧ, ಕೂಗಾಟವೂ ನಿಷೇಧ, ಪತ್ರಿಕಾ ವಿಮರ್ಶಕರಿಗೆ ಪ್ರವೇಶವಿಲ್ಲ, ಇವತ್ತು ಏನು ನುಡಿಸುತ್ತಾರೆ ಅಂತ ಮೊದಲೇ ಹೇಳುವುದೂ ಇಲ್ಲ. ಮುಖ್ಯ ವಿಷಯ ಇದು: ಒಂದೇ ಕೃತಿಯನ್ನು ಬೇರೆ ಬೇರೆ ಸಂಜೆ ಮತ್ತೆ ಮತ್ತೆ ನುಡಿಸುತ್ತಿದ್ದರು, ಕಿವಿ ಪಳಗಲಿ ಅಂತ. ಮಾಡರ್ನಿಸಂನ ಪಿತಾಮಹನೇ ಮದ್ದು ಅಂತ ಬರೆದುಕೊಟ್ಟದ್ದು ಪುನರಾವರ್ತನೆ.

ಪುನರಾವರ್ತನೆಗೆ ಇನ್ನೊಂದು ಮಾಯೆ ಇದೆ. ಮನಶ್ಶಾಸ್ತ್ರಜ್ಞೆ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಮಾತಿನ ಧ್ವನಿಮುದ್ರಣ ತಿದ್ದುತ್ತಿದ್ದರು. ಒಂದು ಪುಟ್ಟ ತುಣುಕು ಸುತ್ತಿ ಸುತ್ತಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಯಾರೋ ಹಾಡುತ್ತಿದ್ದ ಹಾಗೆ ಕೇಳಿಸಿತು. ಮಾತು ಅದೇ, ದನಿ ಅದೇ, ಕಿವಿ ಮಾತ್ರ ಅದನ್ನು ಹಾಡು ಮಾಡಿಕೊಂಡಿತ್ತು. ರೈಶ್ ಈ ದಾರಿ ಹಿಡಿದದ್ದು ಅದಕ್ಕೂ ಮೂವತ್ತು ವರ್ಷ ಮೊದಲು, 1965ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ಕೂಗುತ್ತಿದ್ದ ಒಬ್ಬ ಧರ್ಮಪ್ರಚಾರಕನ ಮಾತನ್ನು ಟೇಪಿನಲ್ಲಿ ಸುತ್ತಿಸಿ. 1988ರ ‘ಡಿಫರೆಂಟ್ ಟ್ರೇನ್ಸ್’ ಕ್ವಾರ್ಟೆಟ್‌ನಲ್ಲಿ ಅದನ್ನು ಎಲ್ಲಿಗೆ ಮುಟ್ಟಿಸಿದ ನೋಡಿ. ರೈಶ್‌ನ ಅಪ್ಪ ಅಮ್ಮ ಬೇರೆಯಾಗಿದ್ದರು, ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಲಾಸ್ ಏಂಜಲೀಸ್‌ನಲ್ಲಿ. 1939ರಿಂದ 1942ರವರೆಗೆ ಚಿಕ್ಕ ಹುಡುಗ ದಾದಿಯ ಜೊತೆ ರೈಲಿನಲ್ಲಿ ಓಡಾಡುತ್ತಿದ್ದ. ದೊಡ್ಡವನಾದ ಮೇಲೆ ಹೊಳೆಯಿತು: ಯಹೂದಿ ಹುಡುಗ ನಾನು, ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಇದ್ದಿದ್ದರೆ ಹತ್ತುತ್ತಿದ್ದ ರೈಲೇ ಬೇರೆ. ದಾದಿಯ ಮಾತು, ರೈಲ್ವೆಯ ಒಬ್ಬ ನಿವೃತ್ತ ನೌಕರನ ಮಾತು, ನರಮೇಧದಿಂದ ಬದುಕಿ ಬಂದವರ ಮಾತು, ಎಲ್ಲ ಟೇಪಿನಲ್ಲಿ. ಹೆಂಗಸರು ಮಾತಾಡಿದಾಗ ಅವರ ಮಾತಿನ ಏರಿಳಿತವನ್ನೇ ವಯೋಲಾ ನುಡಿಸುತ್ತದೆ, ಗಂಡಸರಿಗೆ ಚೆಲ್ಲೊ. ಮಿನಿಮಲಿಸಂನಲ್ಲಿ ಭಾವನೆ ಇಲ್ಲ, ಬರೀ ಯಂತ್ರ ಅನ್ನುವವರಿಗೆ ನಾನು ಬೇರೆ ವಾದ ಮಾಡುವುದಿಲ್ಲ, ಇದರ ಎರಡನೇ ಭಾಗ ಕೇಳಿಸುತ್ತೇನೆ.

ಇನ್ನು ನಾವು ಎಲ್ಲಿ ಕೂತು ಕೇಳುತ್ತೇವೆ ಅನ್ನುವುದು. ಇವತ್ತು ಬಹುಪಾಲು ಜನ ಕೇಳುವುದು ಇಯರ್‌ಫೋನಿನಲ್ಲಿ, ಏನೋ ಕೆಲಸ ಮಾಡುತ್ತಾ, ಆ್ಯಪ್ ತಾನಾಗಿ ಜೋಡಿಸಿಕೊಟ್ಟ ಪಟ್ಟಿಯಲ್ಲಿ. ಅಂಥ ಪಟ್ಟಿಗೆ ಸದ್ದು ಒಂದೇ ಮಟ್ಟದಲ್ಲಿ ಇರಬೇಕು, ತಟ್ಟನೆ ಕಿರುಚಬಾರದು, ತಟ್ಟನೆ ಮಾಯವಾಗಬಾರದು. ವೇಬರ್ನ್ ಇಲ್ಲಿ ಸತ್ತೇಹೋಗುತ್ತಾನೆ. ಅವನ ಪಿಸುಮಾತು ಫ್ಯಾನಿನ ಸದ್ದಿಗೇ ಮುಚ್ಚಿಹೋಗುತ್ತದೆ, ವಾಲ್ಯೂಮ್ ಏರಿಸಿದರೆ ಮುಂದಿನ ಒಂದು ಹೊಡೆತ ಕಿವಿಗೆ ಬಡಿಯುತ್ತದೆ. ನಾಲ್ಕು ನಿಮಿಷದಲ್ಲಿ ಮೂರು ಸಲ ಗುಂಡಿ ಒತ್ತಿದವನು, ಇದೆಂಥ ಸಂಗೀತ ಅಂದರೆ ಅದು ಅವನ ತಪ್ಪೂ ಅಲ್ಲ.

ಕಾರ್ಟರ್‌ದು ಇನ್ನೂ ಬೇರೆ ಕಥೆ. 1959ರ ಅವನ ಎರಡನೇ ಕ್ವಾರ್ಟೆಟ್‌ನಲ್ಲಿ ನಾಲ್ಕು ವಾದ್ಯ ಅಂದರೆ ನಾಲ್ಕು ಸ್ವಭಾವ. ಮೊದಲ ವಯೋಲಿನ್ ಆಡಂಬರದ್ದು, ಮನಸ್ಸು ಬಂದಂತೆ ಕುಣಿಯುತ್ತದೆ. ಎರಡನೇ ವಯೋಲಿನ್ ಶಿಸ್ತಿನ ಮೇಷ್ಟ್ರು, ಗಡಿಯಾರದ ಹಾಗೆ. ವಯೋಲಾ ಯಾವಾಗಲೂ ಗೋಳು ತೋಡಿಕೊಳ್ಳುತ್ತದೆ. ಚೆಲ್ಲೊಗೆ ಆತುರ, ವೇಗ ಏರಿಸುತ್ತಾ ಓಡುತ್ತದೆ. ಇವರು ಒಬ್ಬರಿಂದೊಬ್ಬರು ಆದಷ್ಟು ದೂರ ಕೂರಬೇಕು ಅಂತ ಕಾರ್ಟರ್ ಬಯಸಿದ್ದ. ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ, ನಾಲ್ಕು ಸ್ವಭಾವ ಸೇರಿ ಒಂದು ಕಲಸುಮೇಲೋಗರ. ನಾನು ಮೊದಲ ಸಲ ಕೇಳಿದ್ದು ಹಾಗೇ, ಹತ್ತು ನಿಮಿಷಕ್ಕೆ ಬಿಟ್ಟೆ. ಆಮೇಲೆ ನಾಲ್ವರು ನುಡಿಸುವುದನ್ನು ಕಣ್ಣಾರೆ ನೋಡಿದಾಗ ಅರ್ಥವಾಯಿತು, ಇದು ಒಂದು ಮನೆಯ ಜಗಳ. ಯಾರು ಯಾರ ಮಾತು ಕತ್ತರಿಸಿದರು, ಯಾರು ಕೇಳಿಸಿದರೂ ಕೇಳಿಸದಂತೆ ಕೂತರು, ಎಲ್ಲ ಕಾಣುತ್ತದೆ. ಅವತ್ತು ಅಷ್ಟು ಹೊತ್ತೂ ನಾನು ನೋಡಿದ್ದು ಮೇಷ್ಟ್ರನ್ನೇ. ಉಳಿದ ಮೂವರು ಎಷ್ಟೇ ಕೆಣಕಿದರೂ ತನ್ನ ಪಾಡಿಗೆ ತಾನು ಟಕ್ ಟಕ್ ಅಂತ ಕೂತಿದ್ದ ಆ ಎರಡನೇ ವಯೋಲಿನ್ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಾರ್ಟರ್ ಕೇಳುತ್ತಾ ನಗುವುದು! ಹಿಂದಿನ ವರ್ಷ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಾಗಂತ ಇಯರ್‌ಫೋನು ಮಿನಿಮಲಿಸಂಗೆ ಒಳ್ಳೆಯದೇ ಮಾಡಿತಾ? ಹಾಗೂ ಇಲ್ಲ. ಪಟ್ಟಿಗಳಲ್ಲಿ ಮಿನಿಮಲಿಸ್ಟ್ ಅನ್ನುವ ಹೆಸರಿನಲ್ಲಿ ಬರುವ ಬಹಳಷ್ಟು ಮೃದು ಪಿಯಾನೊ ಸಂಗೀತದಲ್ಲಿ ಮರುಕಳಿಸುವಿಕೆ ಇದೆ, ಅದರೊಳಗಿನ ಜಾರಾಟ ಇಲ್ಲ. ನಾಲ್ಕು ಸ್ವರಗುಚ್ಛ ಸುತ್ತುತ್ತವೆ, ಮಧ್ಯೆ ಒಂದು ಚೆಲ್ಲೊ ನಿಟ್ಟುಸಿರು ಬಿಡುತ್ತದೆ, ಆಯಿತು. ಅದು ಬೇಡ ಅಂತಲ್ಲ, ನಿದ್ದೆಗೆ ಒಳ್ಳೆಯದು. ಮ್ಯಾಕ್ಸ್ ರಿಕ್ಟರ್ 2015ರಲ್ಲಿ ನಿದ್ದೆಗೆಂದೇ ಎಂಟು ಗಂಟೆಗೂ ಮೀರಿದ ಕೃತಿ ಬರೆದ, ಅದನ್ನು ‘ಸ್ಲೀಪ್’ ಅಂತಲೇ ಕರೆದ, ಮುಚ್ಚುಮರೆ ಇಲ್ಲ. ಆದರೆ ಇದನ್ನು ಕೇಳಿ ‘ಪಿಯಾನೊ ಫೇಸ್’ ಹೀಗೇ ಇರುತ್ತದೆ ಅಂದುಕೊಂಡವರು ಅದನ್ನು ಹಿನ್ನೆಲೆಗೆ ಹಾಕುತ್ತಾರೆ, ಹತ್ತು ನಿಮಿಷಕ್ಕೆ ತಲೆನೋವು ಬಂತು ಅಂತ ಬೈಯುತ್ತಾರೆ. ಅದನ್ನೂ ಎದುರು ಕೂತು ನೋಡಬೇಕು. ಇಬ್ಬರು ಪಿಯಾನೊ ಮುಂದೆ ಬೆವರುತ್ತಾ, ಒಬ್ಬರು ಜಾರದೆ ಇರಲು, ಇನ್ನೊಬ್ಬರು ಬೇಕಾದಷ್ಟೇ ಜಾರಲು ಒದ್ದಾಡುವುದು ಹಗ್ಗದ ಮೇಲಿನ ನಡಿಗೆ. ರೆಕಾರ್ಡಿನಲ್ಲಿ ಅದು ಯಂತ್ರದ ಕರಾಮತ್ತಿನ ಹಾಗೆ ಕೇಳಿ ಸಪ್ಪೆಯಾಗುತ್ತದೆ.

ವಾದಕರನ್ನು ಗಮನಿಸಿದರೆ ಈ ಗೋಡೆ ಇನ್ನೂ ತೆಳು. ಕ್ರೋನೋಸ್ ಕ್ವಾರ್ಟೆಟ್ ಅಂದರೆ ಮಿನಿಮಲಿಸ್ಟರ ಮನೆದೇವರು ಅಂತ ಜನ ಅಂದುಕೊಂಡಿದ್ದಾರೆ. ‘ಡಿಫರೆಂಟ್ ಟ್ರೇನ್ಸ್’ ಬರೆದದ್ದು ಅವರಿಗಾಗಿಯೇ. ಆದರೆ ಆ ತಂಡ 1973ರಲ್ಲಿ ಹುಟ್ಟಿದ್ದು ಅದರ ಮೊದಲ ವಯೋಲಿನಿಸ್ಟ್ ಡೇವಿಡ್ ಹ್ಯಾರಿಂಗ್ಟನ್ ರೇಡಿಯೊದಲ್ಲಿ ಜಾರ್ಜ್ ಕ್ರಂಬ್‌ನ ‘ಬ್ಲ್ಯಾಕ್ ಏಂಜಲ್ಸ್’ ಕೇಳಿ ಬೆಚ್ಚಿಬಿದ್ದಿದ್ದರಿಂದ. ಎಲೆಕ್ಟ್ರಿಕ್ ವಯೋಲಿನ್‌ಗಳ ಕೀಚಲು, ನೀರು ತುಂಬಿದ ಗಾಜಿನ ಲೋಟಗಳು, ವಾದಕರ ಕೂಗು, ಎಲ್ಲ ಇರುವ ಅಪ್ಪಟ ಮಾಡರ್ನಿಸ್ಟ್ ಕೃತಿ ಅದು. ಲಿಗೆಟಿಯನ್ನು ತೆಗೆದುಕೊಳ್ಳಿ. ಯುರೋಪಿನ ಕಟ್ಟಾ ಮಾಡರ್ನಿಸ್ಟರ ಜೊತೆ ಬೆಳೆದವನು, 1976ರಲ್ಲಿ ಎರಡು ಪಿಯಾನೊಗಳಿಗೆ ಬರೆದ ಮೂರು ತುಣುಕುಗಳಲ್ಲಿ ಒಂದಕ್ಕೆ ಇಟ್ಟ ಹೆಸರು, ‘ರೈಶ್ ಮತ್ತು ರೈಲಿ ಜೊತೆ ಸ್ವಚಿತ್ರ, ಶೋಪ್ಯಾನ್ ಕೂಡ ಇದ್ದಾನೆ’. ರೈಲಿ ಅಂದರೆ ಇನ್ನೊಬ್ಬ ಮಿನಿಮಲಿಸ್ಟ್ ಟೆರ್ರಿ ರೈಲಿ, ಶೋಪ್ಯಾನ್ ಹತ್ತೊಂಬತ್ತನೇ ಶತಮಾನದ ಪಿಯಾನೊ ಸಂಗೀತಗಾರ. ಇನ್ನು ಮಾರ್ಟನ್ ಫೆಲ್ಡ್‌ಮನ್‌ನನ್ನು ಯಾವ ಕಡೆ ಕೂರಿಸುತ್ತೀರಿ? 1983ರ ಅವನ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ ಸುಮಾರು ಆರು ಗಂಟೆ. ಮರುಕಳಿಸುತ್ತದೆ, ಆದರೆ ಒಂದು ಸಲವೂ ಸರಿಯಾಗಿ ಮರುಕಳಿಸಿತು ಅಂತ ಖಾತ್ರಿ ಇರುವುದಿಲ್ಲ. ಮನೆ ಸ್ವರ ಇಲ್ಲ, ಓಟವೂ ಇಲ್ಲ. ಇಲ್ಲಿ ನೆನಪಿಗೆ ಸಿಗುವ ಕೆಲಸವೇ ಬೇರೆ: ಇದನ್ನು ಆಗಲೇ ಕೇಳಿದ್ದೆನಾ ಅಂತ ಸುಮ್ನೆ ಅನುಮಾನ ಪಡುವುದು.

ನನಗೆ ಈಗಲೂ ಎಲ್ಲವೂ ಇಷ್ಟವಿಲ್ಲ. ಗ್ಲಾಸ್‌ನ ಕೆಲವು ಕೃತಿಗಳು ತಮ್ಮ ಅಚ್ಚನ್ನೇ ತಾವು ಒತ್ತುತ್ತಿವೆ ಅನ್ನಿಸುತ್ತದೆ. ಮಾಡರ್ನಿಸ್ಟರಲ್ಲೂ ಎರಡನೇ ಸಾಲಿನವರು ಬಹಳ ಇದ್ದಾರೆ, ಲೆಕ್ಕ ಸರಿ ಇದೆ, ಕೇಳಲು ಏನೂ ಇಲ್ಲ. ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಮಧ್ಯದಿಂದ ಮೂವತ್ತು ಸೆಕೆಂಡು ಕತ್ತರಿಸಿ ಎಸೆದರೆ ಗೊತ್ತಾಗುತ್ತದಾ? ರೈಶ್‌ನ ಒಳ್ಳೆಯ ಕೃತಿಯಲ್ಲಿ ಗೊತ್ತಾಗುತ್ತದೆ, ವೇಬರ್ನ್‌ನದರಲ್ಲಿ ಕೃತಿಯೇ ಹೋಗಿರುತ್ತದೆ. ಗೊತ್ತಾಗದಿದ್ದರೆ ಅದು ಯಾವ ಪಂಗಡದ್ದಾದರೂ ನನಗೆ ಬೇಡ.

ಕಾರ್ಟರ್ ಕೇಳಿಸಿದ ಆ ಗೆಳೆಯನಿಗೆ ಮಾತ್ರ ರೈಶ್ ಅಂದರೆ ಇಷ್ಟು ವರ್ಷ ತಾತ್ಸಾರ. ಮಕ್ಕಳಾಟ ಅನ್ನುತ್ತಿದ್ದ. ಒಂದು ದಿನ ಹೇಳಿದೆ, ಹಾಗಾದರೆ ಆಡೋಣ ಬಾ. 1972ರ ‘ಕ್ಲಾಪಿಂಗ್ ಮ್ಯೂಸಿಕ್’ ಇದೆಯಲ್ಲ, ವಾದ್ಯವೇ ಬೇಡ, ಇಬ್ಬರು, ನಾಲ್ಕು ಕೈ. ಮೂರು ತಟ್ಟು, ಒಂದು ಬಿಡು. ಎರಡು ತಟ್ಟು, ಒಂದು ಬಿಡು. ಒಂದು ತಟ್ಟು, ಒಂದು ಬಿಡು. ಎರಡು ತಟ್ಟು, ಒಂದು ಬಿಡು. ಹನ್ನೆರಡು ಎಣಿಕೆಯ ಚಕ್ರ. ಒಬ್ಬ ಅದನ್ನೇ ಕೊನೆತನಕ ತಟ್ಟಬೇಕು, ಇನ್ನೊಬ್ಬ ಕೆಲವು ಸುತ್ತಿಗೊಮ್ಮೆ ಒಂದು ಎಣಿಕೆ ಮುಂದೆ ಹಾರಬೇಕು. ಹನ್ನೆರಡು ಸಲ ಹಾರಿದರೆ ಮತ್ತೆ ಇಬ್ಬರೂ ಒಂದೇ ಕಡೆ. ಬದಲಾಗದ ಪಾಲು ಸುಲಭ ಅಂತ ಅವನು ಅದನ್ನೇ ಆರಿಸಿಕೊಂಡ. ಮೊದಲ ಹಾರಿಕೆ ಹೇಗೋ ದಾಟಿದೆವು. ಎರಡನೆಯದಕ್ಕೆ ಅವನ ಕೈ ಅವನಿಗೇ ಗೊತ್ತಿಲ್ಲದ ಹಾಗೆ ನನ್ನ ಹಿಂದೆ ಬಂದುಬಿಟ್ಟಿತು. ನಿಲ್ಲಿಸಿ, ತನ್ನ ಅಂಗೈಯನ್ನು ಒಂದು ಕ್ಷಣ ನೋಡಿಕೊಂಡ.

"ಇನ್ನೊಂದ್ಸಲ," ಅಂದ.